ಒಂದೆಡೆ ನಿಲ್ಲದವನ ಪರವಾಗಿ

“ದೇಶ ಸುತ್ತಬೇಕು, ಕೋಶ ಓದಬೇಕು” ಎಂಬ ಗಾದೆಯನ್ನು ಅರಿಯದ ಕನ್ನಡಿಗನಿಲ್ಲ. ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅದನ್ನು ಒಮ್ಮೆಯಾದರೂ ಉದ್ಧರಿಸದೆ ವೇದಿಕೆಯಿಂದ ಇಳಿದವರನ್ನು ನಾನಂತೂ ಕಂಡಿಲ್ಲ. ಆದರೆ ಗಾದೆಯ ಎರಡು ಭಾಗಗಳಿಗೂ ನಾವು ಕೊಡುವ ಬೆಲೆ ಒಂದೇ ಅಲ್ಲ. ಕೋಶ ಓದಿದವನು ಊರಿಗೆ ಬಂದರೆ ಕಟ್ಟೆಯ ಮೇಲೆ ಜಾಗ ಬಿಟ್ಟು ಕೂರಿಸುತ್ತೇವೆ. ದೇಶ ಸುತ್ತಿದವನು ಬಂದರೆ, “ಯಾಕಪ್ಪ, ಅಲ್ಲಿಯೂ ನಿಲ್ಲಲಿಲ್ಲವೇನು?” ಎಂದು ಕೇಳುತ್ತೇವೆ. ಹತ್ತು ಕಡೆ ದುಡಿದವನಿಗಿಂತ ಒಂದೇ ಕಡೆ ಮೂವತ್ತು ವರ್ಷ ಕುಳಿತವನು ಹೆಚ್ಚು ನಂಬಿಕಸ್ಥನೆಂಬುದು ಲೋಕಾಭಿಪ್ರಾಯ. ಈ ಅಭಿಪ್ರಾಯ ಎಷ್ಟರ ಮಟ್ಟಿಗೆ ನ್ಯಾಯವಾದುದೆಂಬುದನ್ನು ಒಬ್ಬ ಕಾಲ್ಚೆಂಡಾಟಗಾರನ ವೃತ್ತಾಂತವನ್ನು ಮುಂದಿಟ್ಟುಕೊಂಡು ವಿಚಾರಿಸಬೇಕೆಂದು ಈ ಲೇಖನಕ್ಕೆ ಕೈಹಾಕಿದ್ದೇನೆ. ಕಾಲ್ಚೆಂಡಿನಲ್ಲಿ ಆಸಕ್ತಿಯಿಲ್ಲದ ವಾಚಕರು ಕೂಡಲೇ ಪುಟ ಮಗುಚದೆ ಸ್ವಲ್ಪ ತಾಳ್ಮೆ ತೋರಬೇಕಾಗಿ ಪ್ರಾರ್ಥನೆ.

ಈ ವಾದ ಹುಟ್ಟಿದ್ದು ನಮ್ಮ ವಿದ್ಯಾರ್ಥಿನಿಲಯದ ಊಟದ ಸಾಲಿನಲ್ಲಿ. ನನ್ನ ಗೆಳೆಯನೊಬ್ಬನು ಕಾಲ್ಚೆಂಡಾಟದ ಪರಮ ಭಕ್ತ. ಅವನ ಪ್ರಕಾರ ಆಟಗಾರರಲ್ಲಿ ಎರಡೇ ಜಾತಿ. ಜೀವಮಾನವೆಲ್ಲ ಒಂದೇ ಕ್ಲಬ್ಬಿಗೆ ಆಡಿದವರು ಉತ್ತಮರು. ಕ್ಲಬ್ಬಿನಿಂದ ಕ್ಲಬ್ಬಿಗೆ ಹಾರಿದವರು ಅಧಮರು. ಉತ್ತಮರ ಸಾಲಿನಲ್ಲಿ ಅವನು ಇಟಲಿಯ ಪಾವೊಲೊ ಮಾಲ್ದೀನಿಯನ್ನೂ ಫ್ರಾಂಚೆಸ್ಕೊ ತೊಟ್ಟಿಯನ್ನೂ ನಿಲ್ಲಿಸಿದನು. ಮಾಲ್ದೀನಿ 1985ರಿಂದ 2009ರವರೆಗೆ ಮಿಲಾನ್ ತಂಡವನ್ನು ಬಿಟ್ಟು ಕದಲಲಿಲ್ಲ. ತೊಟ್ಟಿ 1993ರಿಂದ 2017ರವರೆಗೆ ರೋಮಾ ತಂಡದಲ್ಲೇ ಇದ್ದನು. ಇದೆಲ್ಲ ನಿಜವೇ. ಅಧಮರ ಸಾಲಿಗೆ ಉದಾಹರಣೆಯಾಗಿ ಅವನು ಹೆಸರಿಸಿದ್ದು ಸರ್ಬಿಯದ ಸಾವೊ ಮಿಲೊಶೆವಿಚ್‌ನನ್ನು. “ಅವನೇನು ಆಟಗಾರನೊ, ಬಾಡಿಗೆ ಎತ್ತು” ಎಂದ. ಆ ಮಾತು ನನಗೆ ಚುಚ್ಚಿತು. ಏಕೆ ಚುಚ್ಚಿತೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಈ ಮನುಷ್ಯನ ಪರಿಚಯವಾಗಬೇಕು. ಸಾವೊ ಮಿಲೊಶೆವಿಚ್ ಹುಟ್ಟಿದ್ದು 1973ರ ಸೆಪ್ಟೆಂಬರ್ 2ರಂದು, ಬಿಯೆಲಿನಾ ಎಂಬ ಪಟ್ಟಣದಲ್ಲಿ. ಎತ್ತರದ ಆಳು, ಎಡಗಾಲಿನ ಹೊಡೆತಗಾರ. ಹಳಬರು ಸೆಂಟರ್ ಫಾರ್ವರ್ಡ್ ಎಂದು ಕರೆಯುತ್ತಿದ್ದ ಸ್ಥಾನದಲ್ಲಿ ಆಡುತ್ತಿದ್ದವನು. ಬೆಲ್‌ಗ್ರೇಡಿನ ಪಾರ್ಟಿಜಾನ್ ಕ್ಲಬ್ಬಿನಲ್ಲಿ ಆರಂಭಿಸಿ ಇಂಗ್ಲೆಂಡಿನ ಆಸ್ಟನ್ ವಿಲ್ಲಾ, ಸ್ಪೇನಿನ ಜರಗೋಜಾ, ಇಟಲಿಯ ಪಾರ್ಮಾ, ತಿರುಗಿ ಜರಗೋಜಾ, ಆಮೇಲೆ ಸ್ಪೇನಿನಲ್ಲೇ ಎಸ್ಪಾನ್ಯೋಲ್, ಸೆಲ್ಟಾ, ಒಸಾಸೂನಾ, ಕಡೆಗೆ ರಷ್ಯದ ರೂಬಿನ್ ಕಜಾನ್, ಹೀಗೆ ಹದಿನಾರು ವರ್ಷಗಳಲ್ಲಿ ಐದು ದೇಶಗಳ ಎಂಟು ಕ್ಲಬ್ಬುಗಳಿಗೆ ಆಡಿದನು. ಆ ಕಾಲದಲ್ಲಿ ಸರ್ಬಿಯವನ್ನಾಳುತ್ತಿದ್ದ ಸ್ಲೊಬೊದಾನ್ ಮಿಲೊಶೆವಿಚ್‌ಗೂ ಈತನಿಗೂ ಹೆಸರಿನ ಸಾಮ್ಯವೇ ಹೊರತು ಬೇರೆ ನಂಟಿಲ್ಲ. ಆದರೂ ಯೂರೋಪಿನ ವರ್ತಮಾನಪತ್ರಿಕೆಗಳೆಲ್ಲ ಆ ಹೆಸರನ್ನು ದಿನವೂ ಬೈಯುತ್ತಿದ್ದ ಕಾಲದಲ್ಲಿ ಅದೇ ಹೆಸರನ್ನು ಬೆನ್ನಿನ ಮೇಲೆ ಬರೆಸಿಕೊಂಡು ಪರದೇಶದ ಮೈದಾನಗಳಲ್ಲಿ ಓಡುವುದು ಸುಲಭವಾಗಿರಲಿಕ್ಕಿಲ್ಲ.

ಅವನು ಹುಟ್ಟಿದ ದೇಶದ ಹೆಸರು ಯುಗೊಸ್ಲಾವಿಯ. ಆ ಹೆಸರು ನಮ್ಮ ಕಾಲ್ಚೆಂಡಾಟಕ್ಕೆ ಅಪರಿಚಿತವಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಭಾರತವನ್ನು 10-1ರಿಂದ ಸೋಲಿಸಿದ್ದು ಯುಗೊಸ್ಲಾವಿಯವೇ. 1956ರಲ್ಲಿ ಮೆಲ್ಬರ್ನಿನ ಸೆಮಿಫೈನಲಿನಲ್ಲಿ 4-1ರಿಂದ ನಮ್ಮನ್ನು ತಡೆದದ್ದೂ ಅದೇ. ಹೆಲ್ಸಿಂಕಿಯಲ್ಲಿ ಭಾರತಕ್ಕೆ ದಕ್ಕಿದ ಒಂದೇ ಒಂದು ಗೋಲನ್ನು ಹೊಡೆದವರು ನಮ್ಮ ಬೆಂಗಳೂರಿನ ಅಹಮದ್ ಖಾನ್ ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರೋ! ಈ ಅಹಮದ್ ಖಾನರೂ ಊರು ಬಿಟ್ಟವರೇ. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿ, ಅಲ್ಲಿನ ಐವರು ಮುನ್ನುಗ್ಗುವ ಆಟಗಾರರಲ್ಲಿ ಒಬ್ಬರಾಗಿ, ಬಂಗಾಳಿಗಳ ಬಾಯಲ್ಲಿ ‘ಪಂಚಪಾಂಡವ’ರೆನಿಸಿಕೊಂಡರು. ಅವರು ಬೆಂಗಳೂರಿಗೆ ದ್ರೋಹ ಮಾಡಿದರೆಂದು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಕಲ್ಕತ್ತೆಯಲ್ಲಿ ಆಟಕ್ಕೆ ಬೆಲೆಯಿತ್ತು, ಹೋದರು.

ಇನ್ನು ಮಿಲೊಶೆವಿಚ್‌ನ ಕಥೆ. ಹಳೆಯ ಸಮಾಜವಾದೀ ಯುಗೊಸ್ಲಾವಿಯದಲ್ಲಿ ಬಹುಕಾಲ ಒಂದು ಕಟ್ಟಳೆಯಿತ್ತು: ಇಪ್ಪತ್ತೆಂಟು ವರ್ಷ ತುಂಬುವವರೆಗೆ ಕಾಲ್ಚೆಂಡಾಟಗಾರನು ವಿದೇಶದ ಕ್ಲಬ್ಬನ್ನು ಸೇರುವಂತಿರಲಿಲ್ಲ. ಡ್ರಾಗಾನ್ ಜಾಯಿಚ್‌ನಂಥ ಮಹಾ ಆಟಗಾರನೂ ಬೆಲ್‌ಗ್ರೇಡಿನ ಕೆಂಪುತಾರೆ ಕ್ಲಬ್ಬಿನಲ್ಲೇ ಇದ್ದು, 1975ರಲ್ಲಿ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಫ್ರಾನ್ಸಿಗೆ ಹೋದನು. ನನ್ನ ಗೆಳೆಯನು ಅಂದು ಬದುಕಿದ್ದರೆ ಆ ಆಟಗಾರರನ್ನೆಲ್ಲ ನಿಷ್ಠಾವಂತರೆಂದು ಹೊಗಳುತ್ತಿದ್ದನೋ ಏನೋ! ಬಾಗಿಲಿಗೆ ಬೀಗ ಹಾಕಿರುವಾಗ ಮನೆಯಲ್ಲೇ ಇದ್ದವನನ್ನು ಮನೆಯ ಮೇಲೆ ಪ್ರೀತಿಯುಳ್ಳವನೆಂದು ಹೇಳಬಹುದೆ? ಇರಲಿ. ಆ ಕಟ್ಟಳೆ ಸಡಿಲವಾಯಿತು. ಅದರ ಹಿಂದೆಯೇ ದೇಶವೇ ಒಡೆಯಿತು.

ಮಿಲೊಶೆವಿಚ್ ಪಾರ್ಟಿಜಾನ್ ತಂಡದಲ್ಲಿ ಕಾಲೂರಿದ್ದು 1992ರಲ್ಲಿ. ಆ ವರ್ಷದ ಏಪ್ರಿಲ್ ತಿಂಗಳ ಮೊದಲ ದಿನಗಳಲ್ಲಿ ಅವನು ಹುಟ್ಟಿದ ಬಿಯೆಲಿನಾದಲ್ಲಿಯೇ ಸರ್ಬರ ಅರೆಸೈನಿಕ ಪಡೆಯವರು ಮುಸಲ್ಮಾನ ನಾಗರಿಕರನ್ನು ಬೀದಿಯಲ್ಲಿ ಕೊಂದರು. ಬಾಸ್ನಿಯದ ಯುದ್ಧದ ಮೊದಲ ಹತ್ಯೆಗಳಲ್ಲಿ ಅದೂ ಒಂದು. ಇದನ್ನು ಇಲ್ಲಿ ಹೇಳದೆ ಬಿಟ್ಟರೆ, ಮುಂದೆ ನಾನು ಹೇಳಲಿರುವ ದಿಗ್ಬಂಧನವನ್ನು ಯಾರೋ ಕಾರಣವಿಲ್ಲದೆ ಹೇರಿದರೆಂಬ ಭಾವನೆ ಹುಟ್ಟೀತು. ಮೇ 30ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಲಿಯು ಯುಗೊಸ್ಲಾವಿಯದ ಮೇಲೆ ದಿಗ್ಬಂಧನ ವಿಧಿಸಿತು. ಕ್ರೀಡೆಯೂ ಅದರಲ್ಲಿ ಸೇರಿತ್ತು. ಯೂರೋಪಿಯನ್ ಪಂದ್ಯಾವಳಿಗೆಂದು ಆಗಲೇ ಸ್ವೀಡನ್ನಿಗೆ ಹೋಗಿ ಇಳಿದಿದ್ದ ಯುಗೊಸ್ಲಾವಿಯದ ತಂಡ ಹಾಗೆಯೇ ಹಿಂದಿರುಗಬೇಕಾಯಿತು. ಅದರ ಬದಲು ಕರೆಸಿಕೊಂಡ ಡೆನ್ಮಾರ್ಕ್ ತಂಡ ಆ ಪಂದ್ಯಾವಳಿಯನ್ನೇ ಗೆದ್ದುಬಿಟ್ಟಿತು. ಕಾಲ್ಚೆಂಡಿನ ಚರಿತ್ರೆಯಲ್ಲಿ ಈ ಪ್ರಸಂಗವನ್ನು ಡೆನ್ಮಾರ್ಕಿನ ಅದೃಷ್ಟವೆಂದು ಹೇಳುವ ವಾಡಿಕೆ. ಹಿಂದಿರುಗಿದವರ ಕಡೆಗೆ ನೋಡಿದವರು ಕಡಮೆ.

ಹೀಗೆ ಹತ್ತೊಂಬತ್ತರ ತರುಣ ಮಿಲೊಶೆವಿಚ್ ಗೋಲು ಹೊಡೆಯಲು ತೊಡಗಿದಾಗ ಅವನ ಗೋಲುಗಳನ್ನು ನೋಡುವ ಹೊರ ಲೋಕವೇ ಇರಲಿಲ್ಲ. ಪಾರ್ಟಿಜಾನ್ 1993ರಲ್ಲಿಯೂ 1994ರಲ್ಲಿಯೂ ಲೀಗು ಗೆದ್ದಿತು. ಆದರೆ ಗೆದ್ದ ತಂಡಕ್ಕೆ ಯೂರೋಪಿನ ಕಪ್ಪುಗಳಲ್ಲಿ ಆಡುವ ಹಕ್ಕಿಲ್ಲ. ಇವನು ಸತತವಾಗಿ ಎರಡು ಋತುಗಳಲ್ಲಿ ಲೀಗಿನ ಅತ್ಯಧಿಕ ಗೋಲುಗಾರನಾದನು. ದೇಶದಲ್ಲಿ ಹಣದ ಬೆಲೆ ಎಲ್ಲಿಗೆ ಇಳಿದಿತ್ತೆಂದರೆ, 1993ರಲ್ಲಿ ಅಲ್ಲಿನ ಬ್ಯಾಂಕು 500 ಶತಕೋಟಿ ದಿನಾರದ ನೋಟನ್ನು ಅಚ್ಚುಮಾಡಿತು. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕು: ಐದರ ಮುಂದೆ ಹನ್ನೊಂದು ಸೊನ್ನೆ. ಆ ನೋಟಿನ ಮೇಲೆ ಮುದ್ರಿಸಿದ್ದು ಜೊವಾನ್ ಜೊವಾನೊವಿಚ್ ಜ್ಮಾಯ್ ಎಂಬ ಕವಿಯ ಚಿತ್ರ. ಕವಿಗೆ ಇದಕ್ಕಿಂತ ದೊಡ್ಡ ಬೆಲೆಯನ್ನು ಯಾವ ಸರ್ಕಾರವೂ ಕಟ್ಟಿರಲಾರದು, ಇದಕ್ಕಿಂತ ಸಣ್ಣ ಬೆಲೆಯನ್ನೂ ಕಟ್ಟಿರಲಾರದು! ಇಂಥ ದೇಶದಲ್ಲಿ ಕಾಲ್ಚೆಂಡೊಂದೇ ಗೊತ್ತಿರುವ ಹುಡುಗನು ಬಾಗಿಲು ತೆರೆದೊಡನೆ ಹೊರಟುಹೋದನೆಂದರೆ ಅವನನ್ನು ನಿಷ್ಠೆಯಿಲ್ಲದವನೆನ್ನಲು ನನಗೆ ನಾಲಗೆ ಏಳುವುದಿಲ್ಲ.

ದಿಗ್ಬಂಧನ ಸಡಿಲಿದ ಮೇಲೆ, 1994ರ ಡಿಸೆಂಬರಿನಲ್ಲಿ ಬ್ರೆಜಿಲಿನ ಮೇಲೆ ಆಡಿದ ಪಂದ್ಯದಲ್ಲಿ ಅವನು ಮೊದಲ ಬಾರಿಗೆ ದೇಶದ ಅಂಗಿ ತೊಟ್ಟನು. ಮರುವರ್ಷ ಬರ್ಮಿಂಗ್‌ಹ್ಯಾಮಿನ ಆಸ್ಟನ್ ವಿಲ್ಲಾ 35 ಲಕ್ಷ ಪೌಂಡು ಕೊಟ್ಟು ಅವನನ್ನು ಕೊಂಡಿತು. ಆ ಕ್ಲಬ್ಬು ಅದುವರೆಗೆ ಯಾವ ಆಟಗಾರನಿಗೂ ಅಷ್ಟು ಸುರಿದಿರಲಿಲ್ಲ. ಅಲ್ಲಿಂದ ಅವನಿಗೆ ಅಂಟಿದ ಅಡ್ಡಹೆಸರೇ ಇಂದಿಗೂ ಅವನ ಗುರುತಾಗಿ ಉಳಿದಿದೆ. ಇಂಗ್ಲಿಷಿನಲ್ಲಿ ‘ಮಿಸ್’ ಎಂದರೆ ಗುರಿ ತಪ್ಪುವುದಷ್ಟೆ. ಅಲ್ಲಿನ ಜನ ಅವನ ಹೆಸರನ್ನು ತಿರುಚಿ ‘ಮಿಸ್-ಎ-ಲಾಟೆವಿಚ್’ ಎಂದರು, ಎಂದರೆ ಬಹಳ ತಪ್ಪುವವನು. ಶ್ಲೇಷೆ ಚೆನ್ನಾಗಿದೆ, ನಾನೂ ಒಪ್ಪುತ್ತೇನೆ. ಅವನು ಸುಲಭವಾದ ಗೋಲುಗಳನ್ನು ತಪ್ಪಿಸಿದ್ದೂ ಉಂಟು. ಆದರೆ ಮೊದಲ ಋತುವಿನಲ್ಲೇ ಅವನು ಲೀಗಿನಲ್ಲಿ 12 ಗೋಲು ಹೊಡೆದನು. ತಂಡ ನಾಲ್ಕನೆಯ ಸ್ಥಾನಕ್ಕೆ ಬಂತು. 1996ರ ಮಾರ್ಚ್ 24ರಂದು ವೆಂಬ್ಲಿಯಲ್ಲಿ ನಡೆದ ಲೀಗ್ ಕಪ್ ಫೈನಲಿನಲ್ಲಿ ವಿಲ್ಲಾ ಲೀಡ್ಸ್ ತಂಡವನ್ನು 3-0ರಿಂದ ಸೋಲಿಸಿತು. ಮೊದಲನೆಯ ಗೋಲು ಮಿಲೊಶೆವಿಚ್‌ನದು. ಇಂದು ಹಳೆಯ ಪಂದ್ಯಗಳೆಲ್ಲ ಅಂಗೈಯ ಮೊಬೈಲಿನಲ್ಲೇ ಸಿಕ್ಕುತ್ತವಾದ್ದರಿಂದ ಅದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪೆನಾಲ್ಟಿ ಚೌಕದ ಹೊರಗಿನಿಂದ, ಬಹು ದೂರದಿಂದ, ಎಡಗಾಲಿನಲ್ಲಿ ಬಾರಿಸಿದ ಚೆಂಡು ಹೋಗಿ ಬಲೆಯ ಮೇಲಿನ ಮೂಲೆಯನ್ನು ಸೇರುತ್ತದೆ. ಗುರಿ ತಪ್ಪುವವನೆಂಬ ಹೆಸರು ಆಮೇಲೂ ಹೋಗಲಿಲ್ಲ. ಒಮ್ಮೆ ನಗುವುದಕ್ಕೆ ಕಾರಣ ಸಿಕ್ಕಿದರೆ ಜನ ಅದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

1998ರ ಜನವರಿಯಲ್ಲಿ ಬ್ಲ್ಯಾಕ್‌ಬರ್ನಿನಲ್ಲಿ ವಿಲ್ಲಾ 5-0ರಿಂದ ಸೋತ ದಿನ ಅವನು ತನ್ನ ತಂಡದ ಬೆಂಬಲಿಗರ ಕಡೆಗೇ ಉಗಿದನು. ಕ್ಲಬ್ಬು ಅವನನ್ನು ಮಾರಾಟದ ಪಟ್ಟಿಗೆ ಸೇರಿಸಿತು. ನನ್ನ ಗೆಳೆಯನ ವಾದಕ್ಕೆ ಇದೇ ಮುಖ್ಯ ಆಧಾರ. ಉಗಿದದ್ದು ತಪ್ಪು, ಟಿಕೇಟಿಗೆ ಹಣ ತೆತ್ತು ಚಳಿಯಲ್ಲಿ ನಿಂತವರ ಕಡೆಗೆ ಉಗಿಯುವುದು ದೊಡ್ಡ ತಪ್ಪು. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಮೂರು ವರ್ಷದ ಕೆಲಸವನ್ನು ಒಂದು ಕ್ಷಣದ ಉಗುಳಿನಿಂದ ಅಳೆಯುವುದನ್ನೂ ನಾನು ಒಪ್ಪಲಾರೆ.

ಇಲ್ಲಿಂದ ಮುಂದಿನದೇ ನನ್ನ ವಾದದ ಜೀವಾಳ. ಒಂದು ಊರಿನಲ್ಲಿ ನಗೆಪಾಟಲಾದವನು ಇನ್ನೊಂದು ಊರಿಗೆ ಹೋಗಿ ಏನಾದನೆಂಬುದನ್ನು ನೋಡಬೇಕು. ಸ್ಪೇನಿನ ಜರಗೋಜಾ ದೊಡ್ಡ ಕ್ಲಬ್ಬೇನಲ್ಲ. 1999-2000ದ ಋತುವಿನಲ್ಲಿ ಅಲ್ಲಿ ಅವನು ಲೀಗಿನಲ್ಲಿ 21 ಗೋಲು ಹೊಡೆದನು. ತಂಡ ನಾಲ್ಕನೆಯ ಸ್ಥಾನ ಪಡೆಯಿತು; ಸಾಕ್ಷಾತ್ ರಿಯಲ್ ಮ್ಯಾಡ್ರಿಡ್ ಅದರ ಕೆಳಗೆ ಐದನೆಯದಾಯಿತು. ನಾಲ್ಕನೆಯ ಸ್ಥಾನದವರಿಗೆ ಯೂರೋಪಿನ ಅತ್ಯುನ್ನತ ಪಂದ್ಯಾವಳಿಗೆ ಪ್ರವೇಶವಿರಬೇಕಾಗಿತ್ತು. ಆದರೆ ಅದೇ ವರ್ಷ ಮ್ಯಾಡ್ರಿಡ್ ಯೂರೋಪಿನ ಕಪ್ಪನ್ನು ಗೆದ್ದಿತಾದ್ದರಿಂದ ಆ ಸ್ಥಾನವನ್ನು ಮ್ಯಾಡ್ರಿಡಿಗೇ ಕೊಟ್ಟು, ಜರಗೋಜಾವನ್ನು ಎರಡನೆಯ ದರ್ಜೆಯ ಕಪ್ಪಿಗೆ ಕಳಿಸಿದರು. ಬಡವನಿಗೆ ದಕ್ಕಿದ ಎಲೆಯನ್ನು ಸಾಹುಕಾರ ಬಂದನೆಂದು ಎತ್ತಿಟ್ಟಂತಾಯಿತು. ಪಂಕ್ತಿಯಲ್ಲಿ ಇದು ನಮ್ಮಲ್ಲೂ ನಡೆಯದ ಸಂಗತಿಯೇನಲ್ಲ.

ಅದೇ ಬೇಸಗೆಯಲ್ಲಿ ಬೆಲ್ಜಿಯಮ್ ಮತ್ತು ಹಾಲೆಂಡುಗಳಲ್ಲಿ ಯೂರೋಪಿಯನ್ ಪಂದ್ಯಾವಳಿ ನಡೆಯಿತು. ಹಿಂದಿನ ವರ್ಷವಷ್ಟೆ, 1999ರ ಮಾರ್ಚಿನಿಂದ ಜೂನಿನವರೆಗೆ, ನೇಟೋ ವಿಮಾನಗಳು ಅವನ ದೇಶದ ಮೇಲೆ ಬಾಂಬು ಹಾಕಿದ್ದವು. ಯುಗೊಸ್ಲಾವಿಯದ ಮೊದಲ ಪಂದ್ಯ ಜೂನ್ 13ರಂದು ಶಾರ್ಲರ್ವಾದಲ್ಲಿ, ಸ್ಲೊವೇನಿಯದ ಮೇಲೆ. ಒಂಬತ್ತು ವರ್ಷದ ಹಿಂದೆ ಒಂದೇ ಮನೆಯಲ್ಲಿದ್ದವರು ಈಗ ಎದುರುಬದುರು. ಸ್ಲೊವೇನಿಯ 3-0ರಿಂದ ಮುಂದಿದೆ. ಯುಗೊಸ್ಲಾವಿಯದ ಮಿಹಾಯ್ಲೊವಿಚ್ ಕೆಂಪು ಕಾರ್ಡು ಪಡೆದು ಹೊರಗೆ ಹೋಗಿದ್ದಾನೆ. ಉಳಿದವರು ಹತ್ತೇ ಮಂದಿ. ಎರಡನೆಯ ಅರ್ಧದಲ್ಲಿ ಬದಲಿ ಆಟಗಾರನಾಗಿ ಇಳಿದಿದ್ದ ಮಿಲೊಶೆವಿಚ್ 67ನೆಯ ನಿಮಿಷದಲ್ಲಿ ಒಂದು ಗೋಲು ಹೊಡೆದನು. 70ರಲ್ಲಿ ದ್ರುಲೊವಿಚ್ ಇನ್ನೊಂದು. 73ರಲ್ಲಿ ಪುನಃ ಮಿಲೊಶೆವಿಚ್. ಆರು ನಿಮಿಷದೊಳಗೆ 3-3! ಮುಂದಿನ ಪಂದ್ಯದಲ್ಲಿ ನಾರ್ವೆಯನ್ನು ಸೋಲಿಸಿದ ಒಂದೇ ಗೋಲು ಅವನದು. ಸ್ಪೇನಿನ ಮೇಲೆ ಒಂದು. ಹಾಲೆಂಡಿನ ಕೈಯಲ್ಲಿ 6-1ರಿಂದ ಮಣ್ಣು ಮುಕ್ಕಿದಾಗ ಆ ಒಂದೂ ಅವನದೇ. ನಾಲ್ಕು ಪಂದ್ಯಗಳಲ್ಲಿ 5 ಗೋಲು. ಹಾಲೆಂಡಿನ ಪ್ಯಾಟ್ರಿಕ್ ಕ್ಲೈವರ್ಟನ ಜೊತೆಗೆ ಅವನು ಆ ಪಂದ್ಯಾವಳಿಯ ಅತ್ಯಧಿಕ ಗೋಲುಗಾರನಾದನು. ಬಹಳ ತಪ್ಪುವವನೆಂದು ಬರ್ಮಿಂಗ್‌ಹ್ಯಾಮ್ ಯಾರನ್ನು ಕಳಿಸಿತ್ತೋ ಅವನೇ ಈತ. ಎರಡು ವರ್ಷದಲ್ಲಿ ಕಾಲು ಬದಲಾಗಲಿಲ್ಲ, ಊರು ಬದಲಾಯಿತು. ಒಂದು ನೆಲದಲ್ಲಿ ಹಿಡಿಯದ ಸಸಿ ಇನ್ನೊಂದರಲ್ಲಿ ಹಿಡಿಯುವುದನ್ನು ರೈತನ ಮಕ್ಕಳಾದ ನಾವು ಕಂಡಿಲ್ಲವೆ?

ಎಲ್ಲ ನೆಲದಲ್ಲಿಯೂ ಹಿಡಿಯಿತೆಂದು ಹೇಳುವುದಿಲ್ಲ. ಪಾರ್ಮಾ ತಂಡವು ಕ್ರೆಸ್ಪೊ ಎಂಬ ತನ್ನ ಹೆಸರಾಂತ ಆಟಗಾರನನ್ನು ಮಾರಿ, 2000ದಲ್ಲಿ ಇವನನ್ನು ತಂದು ಆ ಜಾಗದಲ್ಲಿ ನಿಲ್ಲಿಸಿತು. ಅಲ್ಲಿ ಇವನ ಆಟ ಕುದುರಲಿಲ್ಲ. ಮುಂದಿನದನ್ನು ನನ್ನ ಗೆಳೆಯನು ಹಾರಾಟವೆಂದು ಕರೆಯುತ್ತಾನೆ. ವಾಸ್ತವವೇನೆಂದರೆ, ಪಾರ್ಮಾ ಅವನನ್ನು ಒಮ್ಮೆ ಜರಗೋಜಾಕ್ಕೆ, ಇನ್ನೊಮ್ಮೆ ಎಸ್ಪಾನ್ಯೋಲಿಗೆ, ಮತ್ತೊಮ್ಮೆ ಸೆಲ್ಟಾಕ್ಕೆ ಎರವಲು ಕೊಟ್ಟಿತು. ಉಳುಮೆಯ ಕಾಲಕ್ಕೆ ಎತ್ತನ್ನು ಎರವು ಕೊಡುವಂತೆ! ಒಂದೊಂದು ವರ್ಷ ಒಂದೊಂದು ಊರು, ಹೊಸ ಮನೆ, ಹೊಸ ತರಬೇತುದಾರ. ಸೆಲ್ಟಾ ಮೊಟ್ಟಮೊದಲ ಬಾರಿಗೆ ಚಾಂಪಿಯನ್ಸ್ ಲೀಗಿನಲ್ಲಿ ಆಡಿದ್ದೂ ಅವನಿದ್ದಾಗಲೇ, ಅದೇ ಋತುವಿನ ಕೊನೆಗೆ ಎರಡನೆಯ ದರ್ಜೆಗೆ ಇಳಿದದ್ದೂ ಅವನಿದ್ದಾಗಲೇ. ಪಾರ್ಮಾದ ಬೆನ್ನ ಹಿಂದಿದ್ದ ಪಾರ್ಮಲಾಟ್ ಎಂಬ ಹಾಲಿನ ಕಂಪನಿ 2003ರ ಡಿಸೆಂಬರಿನಲ್ಲಿ ದಿವಾಳಿಯೆದ್ದಿತು. ಒಂದು ಕಡೆ ನಿಲ್ಲದವನನ್ನು ದೂರುವವರು, ಅವನು ನಿಲ್ಲಬೇಕಾಗಿದ್ದ ಸೂರು ಗಟ್ಟಿಯಾಗಿತ್ತೆ ಎಂದು ಒಮ್ಮೆ ಕೇಳಬಾರದೆ?

ಇಷ್ಟರಲ್ಲಿ ವಾಚಕರು ಒಂದು ಆಕ್ಷೇಪ ಎತ್ತಬಹುದು. 1995ರ ಡಿಸೆಂಬರಿನಲ್ಲಿ ಬೊಸ್ಮಾನ್ ಎಂಬ ಬೆಲ್ಜಿಯಮ್ ಆಟಗಾರನ ಮೊಕದ್ದಮೆಯಲ್ಲಿ ಯೂರೋಪಿನ ನ್ಯಾಯಾಲಯ ತೀರ್ಪಿತ್ತ ಮೇಲೆ, ಕರಾರು ಮುಗಿದ ಆಟಗಾರರಿಗೆಲ್ಲ ಬಿಡುಗಡೆ ದೊರೆಯಲಿಲ್ಲವೆ, ಎಲ್ಲರೂ ಹಣದ ಹಿಂದೆಯೇ ಓಡಲಿಲ್ಲವೆ ಎಂದು. ಆ ತೀರ್ಪಿನ ಲಾಭ ದೊರೆತದ್ದು ಯೂರೋಪಿಯನ್ ಒಕ್ಕೂಟದ ಪ್ರಜೆಗಳಿಗೆ. ಸರ್ಬಿಯದವನು ಅದರ ಹೊರಗಿನವನು. ಹೊರಗಿನವರಿಗೆ ತಂಡಗಳಲ್ಲಿ ಇಂತಿಷ್ಟೇ ಎಂಬ ಮಿತಿಯಿತ್ತು. ಹಣದ ಮಾತು ಬೇರೆ. ಮಿಲೊಶೆವಿಚ್ ಬಡವನಾಗಿರಲಿಲ್ಲ, ಅವನ ಒಂದು ತಿಂಗಳ ಸಂಬಳದಲ್ಲಿ ನಮ್ಮ ಇಡೀ ವಿದ್ಯಾರ್ಥಿನಿಲಯ ವರ್ಷಗಟ್ಟಲೆ ಉಣ್ಣಬಹುದಾಗಿತ್ತು. ಅವನನ್ನು ಕಂಡು ಕಣ್ಣೀರಿಡಿರೆಂದು ನಾನು ಹೇಳುತ್ತಿಲ್ಲ.

ನಾನು ಹೇಳುವುದು ಇಷ್ಟು: ಒಂದು ಕಡೆ ನಿಲ್ಲುವುದು ಕೇವಲ ಗುಣವಲ್ಲ, ಬಹುಪಾಲು ಭಾಗ್ಯ. ಮಾಲ್ದೀನಿ ಹುಟ್ಟಿದ್ದು ಮಿಲಾನ್ ನಗರದಲ್ಲಿ. ಅವನ ತಂದೆ ಚೆಸಾರೆ ಮಾಲ್ದೀನಿ ಅದೇ ಕ್ಲಬ್ಬಿನ ನಾಯಕನಾಗಿ 1963ರಲ್ಲಿ ಯೂರೋಪಿನ ಕಪ್ಪನ್ನು ಎತ್ತಿದವನು. ತೊಟ್ಟಿ ಹುಟ್ಟಿದ್ದು ರೋಮಿನಲ್ಲಿ. ಅವರು ಬೆಳೆದ ಊರಿನಲ್ಲೇ ಜಗತ್ತಿನ ಶ್ರೀಮಂತ ಕ್ಲಬ್ಬುಗಳಿದ್ದವು. ಮನೆಯ ಊಟ ಉಂಡು ಮೈದಾನಕ್ಕೆ ಹೋಗಬಹುದಾಗಿತ್ತು. ಅವರ ದೇಶ ಅವರ ಕಾಲ ಕೆಳಗೆ ಒಡೆಯಲಿಲ್ಲ; ಅವರ ನಗರದ ಮೇಲೆ ಯಾರೂ ಬಾಂಬು ಹಾಕಲಿಲ್ಲ. ಅವರು ನಿಂತದ್ದನ್ನು ಹೊಗಳೋಣ, ಅಡ್ಡಿಯಿಲ್ಲ. ಆದರೆ ಅದೇ ಅಳತೆಗೋಲಿನಿಂದ ಬಿಯೆಲಿನಾದ ಹುಡುಗನನ್ನು ಅಳೆದು ಕಡಮೆಯವನೆಂದರೆ ಅದು ಅನ್ಯಾಯ.

ಈ ಮಾತು ನನಗೆ ಚುಚ್ಚಿದ ಕಾರಣವನ್ನು ಹೇಳುತ್ತೇನೆಂದಿದ್ದೆ. ನಮ್ಮ ಭಾಗದಲ್ಲಿ ಮಳೆ ಹೋದ ವರ್ಷ ಜನ ಗುಳೆ ಹೋಗುತ್ತಾರೆ. ನಮ್ಮ ತಂದೆಯವರು ಬೆಂಗಳೂರಿನ ಕಟ್ಟಡಗಳಲ್ಲಿ ಕಲ್ಲು ಹೊತ್ತಿದ್ದಾರೆ, ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಿದ್ದಾರೆ, ಗೋವೆಯಲ್ಲಿ ರಸ್ತೆಯ ಕೆಲಸ ಮಾಡಿದ್ದಾರೆ. ನನಗೆ ತಿಳಿದಂತೆ ಅವರು ಎಂಟು ಮೇಸ್ತ್ರಿಗಳ ಕೈಕೆಳಗೆ ದುಡಿದರು. ಒಬ್ಬನು ಎರಡು ತಿಂಗಳ ಕೂಲಿಯನ್ನೇ ಕೊಡಲಿಲ್ಲ. ಅವನನ್ನು ಬಿಟ್ಟು ಬಂದರು. “ಅವನು ಎಲ್ಲಿಯೂ ನಿಲ್ಲುವ ಆಸಾಮಿಯಲ್ಲ” ಎಂದು ಊರಿನವರು ಕಟ್ಟೆಯ ಮೇಲೆ ಕುಳಿತು ಆಡಿಕೊಳ್ಳುವುದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಹಾಗೆ ಆಡಿಕೊಳ್ಳುವವರಿಗೆ ನೀರಾವರಿ ಜಮೀನಿದೆ. ನಮ್ಮ ಮನೆತನದಲ್ಲಿ ಪದವಿ ಪರೀಕ್ಷೆಗೆ ಕೂರುವವರಲ್ಲಿ ನಾನೇ ಮೊದಲಿಗ, ನಾನು ಬಿ.ಎ. ತರಗತಿಗೆ ಕಟ್ಟಿದ ಶುಲ್ಕವು ಆ ಎಂಟು ಕಡೆಗಳಿಂದ ಬಂದ ಹಣ. ಕೋಟ್ಯಧೀಶ ಆಟಗಾರನಿಗೂ ಕೂಲಿಕಾರನಿಗೂ ಹೋಲಿಕೆಯೇ ಎಂದು ನಗುವವರು ನಗಲಿ. ಸಂಬಳ ಬೇರೆ, ಆದರೆ ಅವರನ್ನು ಬೈಯುವ ಮಾತು ಒಂದೇ.

ಮತ್ತೆ ಮೈದಾನಕ್ಕೆ ಬರೋಣ. 2004ರಲ್ಲಿ ಮಿಲೊಶೆವಿಚ್ ಪಂಪ್ಲೋನಾ ನಗರದ ಒಸಾಸೂನಾ ತಂಡವನ್ನು ಸೇರಿದನು. ಸಣ್ಣ ಊರು, ಸಣ್ಣ ಕ್ಲಬ್ಬು. ಅವನ ಜೀವನದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಮೊದಲ ಋತುವಿನಲ್ಲೇ ಒಸಾಸೂನಾ ತನ್ನ ಚರಿತ್ರೆಯಲ್ಲಿ ಪ್ರಥಮ ಬಾರಿಗೆ ಸ್ಪೇನಿನ ರಾಜರ ಕಪ್ಪಿನ ಫೈನಲನ್ನು ಮುಟ್ಟಿತು. 2005ರ ಜೂನಿನಲ್ಲಿ ನಡೆದ ಆ ಪಂದ್ಯವನ್ನು ಹೆಚ್ಚುವರಿ ವೇಳೆಯಲ್ಲಿ ಬೆಟಿಸ್ ತಂಡಕ್ಕೆ 2-1ರಿಂದ ಸೋತಿತು. ಮರುವರ್ಷ ಲೀಗಿನಲ್ಲಿ ನಾಲ್ಕನೆಯ ಸ್ಥಾನ. ಅದರ ಮರುವರ್ಷ ಯುಯೆಫಾ ಕಪ್ಪಿನ ಸೆಮಿಫೈನಲ್. ಮೂರು ವರ್ಷ ಅವನು ಅಲ್ಲಿಯೇ ಇದ್ದನು. ನಿಲ್ಲುವುದಕ್ಕೆ ಜಾಗವಿದ್ದಲ್ಲಿ ನಿಂತನೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ನಿಷ್ಠೆಯ ಮಾತನ್ನೇ ಎತ್ತುವುದಾದರೆ ಇನ್ನೊಂದು ಲೆಕ್ಕವನ್ನೂ ನೋಡಬೇಕು. ಕ್ಲಬ್ಬು ಬದಲಾಯಿಸಿದ ಈ ಮನುಷ್ಯ ದೇಶದ ಅಂಗಿಯನ್ನು 102 ಬಾರಿ ತೊಟ್ಟು 37 ಗೋಲು ಹೊಡೆದನು. ಜಾಯಿಚ್‌ನ 85 ಪಂದ್ಯಗಳ ಹಳೆಯ ದಾಖಲೆಯನ್ನು ದಾಟಿದನು. ಆ ಅವಧಿಯಲ್ಲಿ ಬದಲಾದದ್ದು ಅವನಲ್ಲ, ದೇಶವೇ. ಅವನು ಆಡಲು ತೊಡಗಿದಾಗ ಅದರ ಹೆಸರು ಯುಗೊಸ್ಲಾವಿಯ. 2003ರ ಫೆಬ್ರವರಿಯಲ್ಲಿ ಅದು ಸರ್ಬಿಯ-ಮಾಂಟೆನೀಗ್ರೊ ಎಂದಾಯಿತು. 2006ರ ವಿಶ್ವಕಪ್ಪಿಗೆ ಅವನೇ ನಾಯಕ. ಅರ್ಹತಾ ಸುತ್ತಿನ ಹತ್ತು ಪಂದ್ಯಗಳಲ್ಲಿ ಒಂದೇ ಒಂದು ಗೋಲು ಬಿಟ್ಟುಕೊಟ್ಟಿದ್ದ ತಂಡ ಅದು. ಆದರೆ ಪಂದ್ಯಾವಳಿ ಆರಂಭವಾಗುವ ಮೊದಲೇ, ಜೂನ್ 3ರಂದು, ಮಾಂಟೆನೀಗ್ರೊ ಸ್ವತಂತ್ರವೆಂದು ಸಾರಿತು. ಇಲ್ಲದ ದೇಶದ ಬಾವುಟದ ಕೆಳಗೆ ಆ ಹನ್ನೊಂದು ಮಂದಿ ಜರ್ಮನಿಯ ಮೈದಾನದಲ್ಲಿ ನಿಂತರು. ಹಾಲೆಂಡಿಗೆ 1-0, ಆರ್ಜೆಂಟೀನಕ್ಕೆ 6-0, ಐವರಿ ಕೋಸ್ಟಿಗೆ 3-2: ಮೂರೂ ಸೋಲು. ಆ ಮೂರನೆಯ ಪಂದ್ಯದೊಂದಿಗೆ ಸರ್ಬಿಯ-ಮಾಂಟೆನೀಗ್ರೊ ತಂಡವೇ ಮುಗಿಯಿತು. ದೇಶದ ಹೆಸರೇ ಎರಡು ಸಲ ಬದಲಾಗಿರುವಾಗ ಕ್ಲಬ್ಬಿನ ಹೆಸರು ಎಂಟಾಯಿತೆಂದು ಎಣಿಸುತ್ತ ಕೂರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಒಸಾಸೂನಾ ಬಿಟ್ಟ ಮೇಲೆ ಕೆಲವು ತಿಂಗಳು ಅವನಿಗೆ ಕ್ಲಬ್ಬೇ ಇರಲಿಲ್ಲ. 2008ರಲ್ಲಿ ವೋಲ್ಗಾ ತೀರದ ಕಜಾನಿಗೆ ಹೋದನು. ಮೂವತ್ತೈದು ತುಂಬುತ್ತಿದ್ದ ಆಟಗಾರನಿಗೆ ರಷ್ಯದ ಚಳಿಯಲ್ಲಿ ಏನು ಕೆಲಸವೆಂದು ಯಾರಿಗಾದರೂ ಅನ್ನಿಸುವುದು ಸಹಜ. ಕುರ್ಬಾನ್ ಬೆರ್ದಿಯೆವ್ ತರಬೇತುಗೊಳಿಸುತ್ತಿದ್ದ ರೂಬಿನ್ ತಂಡ ಆ ವರ್ಷವೇ ರಷ್ಯದ ಲೀಗನ್ನು ಮೊದಲ ಬಾರಿಗೆ ಗೆದ್ದಿತು. ನವೆಂಬರಿನಲ್ಲಿ ಸಾಟರ್ನ್ ತಂಡವನ್ನು 2-1ರಿಂದ ಸೋಲಿಸಿ ಪ್ರಶಸ್ತಿಯನ್ನು ನಿಶ್ಚಯಪಡಿಸಿದ ಪಂದ್ಯದಲ್ಲಿ, ಮುಗಿಯಲು ಕೆಲವೇ ನಿಮಿಷಗಳಿರುವಾಗ ಗೆಲುವಿನ ಗೋಲು ಹೊಡೆದವನು ಮಿಲೊಶೆವಿಚ್.

ಅದೇ ತಿಂಗಳ 19ರಂದು ಬೆಲ್‌ಗ್ರೇಡಿನಲ್ಲಿ ಬಲ್ಗೇರಿಯದ ಮೇಲೆ ಅವನ ವಿದಾಯ ಪಂದ್ಯ ನಡೆಯಿತು. ಈಗ ತಂಡದ ಹೆಸರು ಬರಿಯ ಸರ್ಬಿಯ. ಆ ಹೆಸರಿನಲ್ಲಿ ಅವನು ಆಡಿದ್ದು ಅದೊಂದೇ ಪಂದ್ಯ. ಸರ್ಬಿಯ 6-1ರಿಂದ ಗೆದ್ದಿತು. ಅರ್ಧ ವಿರಾಮಕ್ಕೆ ಮೊದಲೇ ಹೊರಗೆ ಬಂದ ಮಿಲೊಶೆವಿಚ್ ಅಷ್ಟರಲ್ಲಿ ಎರಡು ಗೋಲು ಹೊಡೆದಿದ್ದನು, ಎರಡು ಪೆನಾಲ್ಟಿಗಳನ್ನು ತಪ್ಪಿಸಿಯೂ ಇದ್ದನು. ಬರ್ಮಿಂಗ್‌ಹ್ಯಾಮಿನವರು ನೋಡಿದ್ದರೆ ಅವರಿಗೂ ತೃಪ್ತಿಯಾಗುತ್ತಿತ್ತು. ಮುಂದೆ 2019ರಲ್ಲಿ ಅವನು ತಾನು ಆಟ ಆರಂಭಿಸಿದ ಪಾರ್ಟಿಜಾನ್ ತಂಡಕ್ಕೇ ತರಬೇತುದಾರನಾಗಿ ಮರಳಿ, ಆ ವರ್ಷ ಸರ್ಬಿಯದ ಕಪ್ಪನ್ನು ಗೆಲ್ಲಿಸಿಕೊಟ್ಟನು.

ನನ್ನ ಗೆಳೆಯನಿಗೆ ಈ ಲೇಖನದ ಹಸ್ತಪ್ರತಿಯನ್ನು ತೋರಿಸಿದೆ. “ಮಾಲ್ದೀನಿಗೆ ಅನ್ಯಾಯ ಮಾಡಿದ್ದೀಯೆ, ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯುತ್ತೇನೆ” ಎಂದನು. ಅವನು ಎರಡನೆಯ ವರ್ಷದವನು, ಅವನಿಗೆ ಅವಕಾಶವಿದೆ. ನಾನಾದರೋ ಪರೀಕ್ಷೆ ಮುಗಿಸಿ ಕೆಲಸ ಹುಡುಕಿಕೊಂಡು ಹೊರಡುವವನು. ಆ ಸಂಚಿಕೆ ಹೊರಬರುವ ಹೊತ್ತಿಗೆ ಯಾವ ಊರಿನಲ್ಲಿರುವೆನೋ ತಿಳಿಯದು. ಸಂಪಾದಕ ಮಂಡಲಿಯವರು ಒಂದು ಪ್ರತಿಯನ್ನು ನಮ್ಮ ಹಳ್ಳಿಯ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿಕೊಟ್ಟರೆ ಉಪಕಾರವಾದೀತು. ನಾನಿರುವ ಊರಿಗೆ ಅದನ್ನು ತಲುಪಿಸುವ ದಾರಿ ನಮ್ಮ ತಂದೆಯವರಿಗೆ ಗೊತ್ತು.